ಶಾಲೆ ತೆರೆಯುವ ಮುಂಚೆ ಕಿಟಕಿ ತೆರೆಯಿರಿ: ಸಾಂಕ್ರಾಮಿಕದ ಕಾಲಕ್ಕೊಂದು ಕೈಪಿಡಿ

2021ರ ಆಗಸ್ಟ್‌ನಲ್ಲಿ ನಮ್ಮ ಶಾಲೆಯ ಏಳನೇ ತರಗತಿ ಕೋಣೆಯ ಬೀಗ ತೆಗೆದೆವು. ಬೋರ್ಡಿನ ಮೂಲೆಯಲ್ಲಿ ಮಾರ್ಚ್ 31 ಅಂತ ತಾರೀಕು ಹಾಗೇ ಇತ್ತು. ಅದರ ಕೆಳಗೆ ಹಾಜರಿ 24, ಗೈರು 3 ಅಂತ ಯಾರೋ ದುಂಡಗೆ ಬರೆದಿದ್ದರು. ಫ್ಯಾನಿನ ಬಟ್ಟಲಲ್ಲಿ ಕಣಜದ ಗೂಡು. ಗೋಡೆಯ ಭೂಪಟವನ್ನು ಇಲಿ ಅರ್ಧ ತಿಂದಿತ್ತು. ಕಿಟಕಿ ತೆಗೆಯೋಣ ಅಂತ ಕೈ ಹಾಕಿದರೆ ಚಿಲಕ ತುಕ್ಕು ಹಿಡಿದು ಅಲ್ಲಾಡಲೇ ಇಲ್ಲ. ಆವತ್ತು ನಾವು ಮಾಡಿದ ದೊಡ್ಡ ತಪ್ಪು ಏನು ಗೊತ್ತಾ? ಕಿಟಕಿ ಆಮೇಲೆ ನೋಡೋಣ ಅಂತ ಬಿಟ್ಟು ಸ್ಯಾನಿಟೈಸರ್ ಕ್ಯಾನ್ ತರಲು ಓಡಿದ್ದು.

ಈ ಬರಹ ಆ ತಪ್ಪಿನಿಂದ ಹುಟ್ಟಿದ್ದು. ಇನ್ನೊಂದು ಸಾಂಕ್ರಾಮಿಕ ಬರಲಿ ಅಂತ ಯಾರೂ ಬಯಸುವುದಿಲ್ಲ. ಆದರೆ ಬಂದಾಗ ತಡಕಾಡುವ ಬದಲು ಈಗಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು ಅಲ್ವಾ? ಮುಖ್ಯ ಶಿಕ್ಷಕರಿಗೆ, ಎಸ್‌ಡಿಎಂಸಿ (ಶಾಲೆಯ ಉಸ್ತುವಾರಿ ಸಮಿತಿ) ಸದಸ್ಯರಿಗೆ, ಮಗುವನ್ನು ಕಳಿಸೋದಾ ಬೇಡ್ವಾ ಅಂತ ಒದ್ದಾಡುವ ತಂದೆ ತಾಯಿಗೆ, ಮೂವರಿಗೂ ಇದು. ಹೇಳಿರುವುದೆಲ್ಲ ಕೊರೊನಾ ತರಹ ಉಸಿರಿನಿಂದ ಹರಡುವ ಕಾಯಿಲೆಗೆ. ನೀರಿನಿಂದ, ಸೊಳ್ಳೆಯಿಂದ ಬರುವ ಕಾಯಿಲೆಗಳ ಲೆಕ್ಕ ಬೇರೆ.

ಯಾವಾಗ ತೆರೆಯುವುದು

ಇದನ್ನು ನಾವು ತೀರ್ಮಾನಿಸುವುದಿಲ್ಲ, ಸರ್ಕಾರ ತೀರ್ಮಾನಿಸುತ್ತದೆ. ಆದರೂ ತೀರ್ಮಾನದ ಹಿಂದಿನ ಲೆಕ್ಕ ಗೊತ್ತಿರಬೇಕು. 2021ರಲ್ಲಿ ಕರ್ನಾಟಕ ಎಲ್ಲ ತರಗತಿಗಳನ್ನು ಒಟ್ಟಿಗೆ ತೆರೆಯಲಿಲ್ಲ. ಆಗಸ್ಟ್ 23ಕ್ಕೆ 9ರಿಂದ 12ನೇ ತರಗತಿ, ಸೆಪ್ಟೆಂಬರ್ 6ಕ್ಕೆ 6ರಿಂದ 8, ಅಕ್ಟೋಬರ್ 25ಕ್ಕೆ 1ರಿಂದ 5. ಮೊದಲ ಹಂತದಲ್ಲಿ ಪಾಸಿಟಿವಿಟಿ ದರ 2%ಗಿಂತ ಕಡಿಮೆ ಇರುವ ಜಿಲ್ಲೆಗಳಿಗೆ ಮಾತ್ರ ಅನುಮತಿ. ಅಂದರೆ 100 ಜನರನ್ನು ಪರೀಕ್ಷೆ ಮಾಡಿದರೆ ಇಬ್ಬರಿಗಿಂತ ಕಡಿಮೆ ಜನಕ್ಕೆ ಸೋಂಕು ಇರಬೇಕು.

ಈ ದರವನ್ನು ಕಣ್ಣು ಮುಚ್ಚಿ ನಂಬಬೇಡಿ. ಪರೀಕ್ಷೆ ಯಾರಿಗೆ ಮಾಡುತ್ತಿದ್ದಾರೆ, ಎಷ್ಟು ಮಾಡುತ್ತಿದ್ದಾರೆ ಅನ್ನುವುದರ ಮೇಲೆ ಅದು ಏರುತ್ತದೆ, ಇಳಿಯುತ್ತದೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ: ಈ ಎರಡು ವಾರದಲ್ಲಿ ಎಷ್ಟು ಮನೆಯಲ್ಲಿ ಜ್ವರ? ಹೋದ ವಾರಕ್ಕಿಂತ ಜಾಸ್ತಿಯಾ, ಕಮ್ಮಿಯಾ? ಊರಿನ ನಾಡಿ ಅವರ ಕೈಯಲ್ಲಿರುತ್ತದೆ.

ಸುಮ್ನೆ ಮುಚ್ಚಿಟ್ಟರೆ ಸುರಕ್ಷಿತ ಅನ್ನುವ ವಾದವನ್ನು ನಾನು ಒಪ್ಪುವುದಿಲ್ಲ. 2021ರ ಜನವರಿಯಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕವೂ ಸೇರಿ 5 ರಾಜ್ಯಗಳ ಸರ್ಕಾರಿ ಶಾಲೆಗಳಲ್ಲಿ 16,067 ಮಕ್ಕಳ ಕಲಿಕೆ ನೋಡಿತು. 2ರಿಂದ 6ನೇ ತರಗತಿಯವರು. ಅವರಲ್ಲಿ 92% ಮಕ್ಕಳು ಭಾಷೆಯಲ್ಲಿ ಹಿಂದಿನ ವರ್ಷ ಬರುತ್ತಿದ್ದ ಒಂದಾದರೂ ವಿಷಯ ಮರೆತಿದ್ದರು. ಗಣಿತದಲ್ಲಿ 82%. ಕಲಿಯದಿರುವುದು ಒಂದು, ಕಲಿತದ್ದೂ ಕೈಬಿಟ್ಟು ಹೋಗುವುದು ಇನ್ನೊಂದು. ಆಗಿನ್ನೂ ಎರಡನೇ ಅಲೆ ಬಂದೇ ಇರಲಿಲ್ಲ.

ಎರಡು ವಾರ ಮೊದಲು: ಕಟ್ಟಡ ನೋಡಿ

ತಿಂಗಳುಗಟ್ಟಲೆ ಮುಚ್ಚಿದ ಕಟ್ಟಡದಲ್ಲಿ ವೈರಸ್ ಇರುವುದಿಲ್ಲ. ಹಾವು, ಚೇಳು ಇರುತ್ತವೆ. ಮೊದಲ ದಿನ ಮಕ್ಕಳ ಕೈಯಲ್ಲಿ ಕಸ ಗುಡಿಸಬೇಡಿ. ಇಬ್ಬರು ದೊಡ್ಡವರು, ಟಾರ್ಚ್, ಉದ್ದನೆ ಕೋಲು, ಕಾಲಿಗೆ ಬೂಟು. ಬೆಂಚಿನ ಕೆಳಗೆ, ಅಲ್ಮೇರಾ ಹಿಂದೆ, ಶೌಚಾಲಯದ ಮೂಲೆ ಎಲ್ಲಾ ನೋಡಿ. ಕಣಜದ ಗೂಡಿದ್ದರೆ ಸಂಜೆ ಕತ್ತಲಾದ ಮೇಲೆ, ಗೊತ್ತಿರುವವರ ಕೈಯಲ್ಲಿ ತೆಗೆಸಿ. ಆಮೇಲೆ ಮೇನ್ ಸ್ವಿಚ್ ಹಾಕುವ ಮುಂಚೆ ಎಲೆಕ್ಟ್ರಿಷಿಯನ್‌ಗೆ ಒಂದು ಸಲ ವೈರಿಂಗ್ ತೋರಿಸಿ. ಇಲಿ ಕಡಿದ ವೈರು ಗೋಡೆಗೆ ತಾಗಿದ್ದರೆ ಮಳೆಗಾಲದಲ್ಲಿ ಗೋಡೆಯೇ ಶಾಕ್ ಹೊಡೆಯುತ್ತದೆ.

ನೀರಿನ ಟ್ಯಾಂಕ್ ಬಗ್ಗೆ ಉದಾಸೀನ ಬೇಡ. ನಿಂತ ನೀರನ್ನು ಪೂರ್ತಿ ಹೊರಗೆ ಬಿಡಿ, ಒಳಗೆ ಬ್ರಶ್ ಹಾಕಿ ಉಜ್ಜಿ, ತೊಳೆದ ನೀರನ್ನೂ ಚೆಲ್ಲಿ. ಎಲ್ಲ ನಲ್ಲಿಗಳನ್ನೂ ತೆಗೆದು ಕೆಂಪು ನೀರು ಹೋಗುವ ತನಕ ಹರಿಯಲಿ. ಮತ್ತೆ ತುಂಬಿಸಿದ ಮೇಲೆ 1000 ಲೀಟರ್‌ಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಅನ್ನುವುದು ಸಾಮಾನ್ಯ ಲೆಕ್ಕ. ಬಕೆಟ್ ನೀರಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ನೀರು ಮಾತ್ರ ಟ್ಯಾಂಕಿಗೆ ಹಾಕಿ. ಒಂದು ಗಂಟೆ ಬಿಟ್ಟು ಬಳಸಿ. ಹಳೇ ಪೌಡರ್‌ಗೆ ಶಕ್ತಿ ಇರುವುದಿಲ್ಲ, ಡಬ್ಬಿ ತೆರೆದರೆ ಮೂಗಿಗೆ ಹೊಡೆಯದಿದ್ದರೆ ಅದು ಬರೀ ಸುಣ್ಣ. ಪಂಚಾಯಿತಿಯ ನೀರುಗಂಟಿಗೆ ಈ ಕೆಲಸ ನಮಗಿಂತ ಚೆನ್ನಾಗಿ ಗೊತ್ತು, ಅವರನ್ನೇ ಕರೆಯಿರಿ.

ಇನ್ನು ಔಷಧಿ ಹೊಡೆಯುವ ವಿಷಯ. ನಮ್ಮಲ್ಲಿ ತೋಟಕ್ಕೆ ಹೊಡೆಯುವ ಪಂಪು ಬೆನ್ನಿಗೆ ಕಟ್ಟಿಕೊಂಡು ಗೋಡೆ, ಅಂಗಳ, ಗೇಟು, ಕೊನೆಗೆ ಧ್ವಜಸ್ತಂಭಕ್ಕೂ ಹೊಡೆದರು. ಫೋಟೋ ಚೆನ್ನಾಗಿ ಬಂತು. ಕೆಲಸಕ್ಕೆ ಬರುವುದು ಅದಲ್ಲ. ಡೆಸ್ಕು, ಬಾಗಿಲ ಹಿಡಿಯನ್ನು ಸೋಪಿನ ನೀರಲ್ಲಿ ಒರೆಸಿದರೆ ಸಾಕು. ಶೌಚಾಲಯದ ನೆಲಕ್ಕೆ ಬ್ಲೀಚಿಂಗ್ ಪೌಡರ್, ಲೀಟರ್ ನೀರಿಗೆ 30 ಗ್ರಾಂ. ಅದರ ಜೊತೆ ಟಾಯ್ಲೆಟ್ ಆ್ಯಸಿಡ್ ಮಾತ್ರ ಯಾವ ಕಾರಣಕ್ಕೂ ಸೇರಿಸಬೇಡಿ. ಎರಡೂ ಸೇರಿದರೆ ಕ್ಲೋರಿನ್ ಗಾಳಿ ಎದ್ದು ಎದೆ ಉರಿಯುತ್ತದೆ, ಮುಚ್ಚಿದ ಕೋಣೆಯಲ್ಲಿ ಪ್ರಾಣಕ್ಕೇ ಅಪಾಯ. ಮಕ್ಕಳ ಮೈಮೇಲೆ ಯಾವುದನ್ನೂ ಸಿಂಪಡಿಸುವ ಹಾಗಿಲ್ಲ.

ಗಾಳಿ

ಇಲ್ಲಿ ಸ್ವಲ್ಪ ನಿಲ್ಲೋಣ. ಈ ಲೇಖನದಲ್ಲಿ ಒಂದೇ ಒಂದು ಭಾಗ ಓದುವುದಾದರೆ ಇದನ್ನೇ ಓದಿ.

ಸೋಂಕಿರುವ ಮಗು ಮಾತಾಡಿದಾಗ, ಕೂಗಿದಾಗ ಕಣ್ಣಿಗೆ ಕಾಣದ ಸಣ್ಣ ಹನಿಗಳು ಹೊರಬರುತ್ತವೆ. ದಪ್ಪ ಹನಿಗಳು ಮಾರು ದೂರದೊಳಗೆ ನೆಲಕ್ಕೆ ಬೀಳುತ್ತವೆ. ತೀರಾ ಸಣ್ಣವು ಬೀಳುವುದಿಲ್ಲ. ಬೀಡಿ ಹೊಗೆ ಮುಚ್ಚಿದ ಕೋಣೆಯಲ್ಲಿ ನಿಂತ ಹಾಗೆ ನಿಲ್ಲುತ್ತವೆ. ಬಸ್‌ಸ್ಟ್ಯಾಂಡಿನ ಬಯಲಲ್ಲಿ ಯಾರೋ ಬೀಡಿ ಸೇದಿದರೆ ನಮಗೆ ಅಷ್ಟು ಗೊತ್ತಾಗಲ್ಲ, ಕಿಟಕಿ ಏರಿಸಿದ ಬಸ್ಸಲ್ಲಿ ಸೇದಿದರೆ ಕೊನೇ ಸೀಟಿನವರೆಗೂ ಬರುತ್ತದೆ. ಲೆಕ್ಕ ಅಷ್ಟೇ. ಹೊಗೆ ಹೋಗುವ ದಾರಿಯೇ ವೈರಸ್ ಹೋಗುವ ದಾರಿ.

ಹಾಗಾಗಿ ಹೊಗೆಯಿಂದಲೇ ಪರೀಕ್ಷೆ ಮಾಡಿ. ಖಾಲಿ ಕೋಣೆಯ ನಡುವೆ, ಮಕ್ಕಳು ಕೂತಾಗ ಮೂಗು ಬರುವ ಎತ್ತರಕ್ಕೆ ಒಂದು ಊದುಬತ್ತಿ ಹಿಡಿಯಿರಿ. ಹೊಗೆ ಒಂದು ಕಡೆ ವಾಲಿ ಕಿಟಕಿಯತ್ತ ಹೋಗುತ್ತಿದ್ದರೆ ಗಾಳಿ ಆಡುತ್ತಿದೆ. ನೆಟ್ಟಗೆ ಮೇಲೆ ಹೋಗಿ ಅಲ್ಲೇ ಸುತ್ತುತ್ತಿದ್ದರೆ ಆಡುತ್ತಿಲ್ಲ. ನಾಲ್ಕು ಮೂಲೆಯಲ್ಲೂ ನೋಡಿ. ನಮ್ಮ ಏಳನೇ ತರಗತಿಯಲ್ಲಿ ಬಾಗಿಲ ಹತ್ತಿರ ಹೊಗೆ ಚೆನ್ನಾಗಿ ಓಡಿತು. ಹಿಂದಿನ ಮೂಲೆಯಲ್ಲಿ, ಎತ್ತರದ ಹುಡುಗರು ಕೂರುವ ಜಾಗದಲ್ಲಿ, ಅಲ್ಲಾಡದೆ ನಿಂತಿತು. ಅಲ್ಲಿನ ಎರಡು ಕಿಟಕಿಗೆ ಹಳೇ ಪರೀಕ್ಷೆ ಪೇಪರಿನ ಕಟ್ಟುಗಳನ್ನು ಒತ್ತಿ ಅಲ್ಮೇರಾ ಇಟ್ಟಿದ್ದೆವು. ಅಲ್ಮೇರಾ ಜರುಗಿಸಿದ್ದು ಹತ್ತು ನಿಮಿಷದ ಕೆಲಸ. ಅದಕ್ಕೆ ಮೊದಲು ಹತ್ತು ವರ್ಷ ಅದು ಅಲ್ಲೇ ಇತ್ತು.

ಸರ್ಕಾರಿ ಶಾಲೆಯ ಕಿಟಕಿ ಯಾಕೆ ಮುಚ್ಚಿರುತ್ತೆ ಅಂತ ಯೋಚನೆ ಮಾಡಿ. ಕೋತಿ ಕಾಟ, ಕಳ್ಳರ ಭಯ, ರಸ್ತೆ ಧೂಳು, ಬೋರ್ಡಿನ ಮೇಲೆ ಬೀಳುವ ಬಿಸಿಲು. ಈ ಕಾರಣ ಪರಿಹರಿಸದೆ ಕಿಟಕಿ ತೆಗೆಯಿರಿ ಅಂತ ಸುತ್ತೋಲೆ ಬಂದರೆ ಆ ವಾರ ತೆಗೆಯುತ್ತಾರೆ, ಮುಂದಿನ ವಾರ ಮುಚ್ಚುತ್ತಾರೆ. ಕೋತಿಗೆ ಕಬ್ಬಿಣದ ಜಾಲರಿ ಹಾಕಿಸಿ, ಜಾಲರಿಯಲ್ಲಿ ಗಾಳಿ ಬರುತ್ತದೆ. ಬಿಸಿಲಿಗೆ ಬೋರ್ಡನ್ನೇ ಪಕ್ಕದ ಗೋಡೆಗೆ ಹಾಕಿ. ಚಿಲಕಕ್ಕೆ ಎಣ್ಣೆ ಬಿಡಿ, ಗಾಳಿಗೆ ಬಡಿಯದ ಹಾಗೆ ಕೊಂಡಿ ಹಾಕಿಸಿ. ನಮ್ಮೂರ ವೆಲ್ಡಿಂಗ್ ಅಂಗಡಿಯವರು ಒಂದು ಭಾನುವಾರದಲ್ಲಿ ಎಲ್ಲ ಕೋಣೆಗೂ ಕೊಂಡಿ ಹಾಕಿ, ನನ್ನ ಮಗಳೂ ಇಲ್ಲೇ ಓದೋದು ಸಾರ್ ಅಂತ ಕೂಲಿ ತಗೊಳ್ಳಲಿಲ್ಲ.

ಗಾಳಿ ಆಡಬೇಕಾದರೆ ಎದುರುಬದುರಾದ ಎರಡು ದಾರಿ ಬೇಕು. ಒಂದೇ ಗೋಡೆಯಲ್ಲಿ ನಾಲ್ಕು ಕಿಟಕಿ ಇರುವುದಕ್ಕಿಂತ ಈ ಗೋಡೆಯಲ್ಲೊಂದು, ಆ ಗೋಡೆಯಲ್ಲೊಂದು ಇರುವುದು ಮೇಲು. ಬಾಗಿಲೂ ತೆರೆದಿರಲಿ. ಬಿಸಿ ಗಾಳಿ ಮೇಲೇರುವುದರಿಂದ ಮೇಲಿನ ವೆಂಟಿಲೇಟರ್ ಮುಚ್ಚಿದ್ದರೆ ರಟ್ಟು ಕೀಳಿರಿ. ಸೀಲಿಂಗ್ ಫ್ಯಾನ್ ಒಂದೇ ಇದ್ದು ಕಿಟಕಿ ಮುಚ್ಚಿದ್ದರೆ ಪ್ರಯೋಜನ ಇಲ್ಲ, ಅದೇ ಗಾಳಿಯನ್ನು ಎಲ್ಲರಿಗೂ ಹಂಚುತ್ತದೆ ಅಷ್ಟೆ. ಒಂದು ಟೇಬಲ್ ಫ್ಯಾನನ್ನು ಕಿಟಕಿಯಲ್ಲಿ ಹೊರಮುಖ ಮಾಡಿ ಇಟ್ಟರೆ ಒಳಗಿನ ಗಾಳಿ ಹೊರಗೆ ತಳ್ಳುತ್ತದೆ, ಬೇರೆ ಕಿಟಕಿಯಿಂದ ಹೊಸದು ಬರುತ್ತದೆ. ಮಲೆನಾಡಲ್ಲಿ ಮಳೆ ಇರಚಲು ಹೊಡೆಯುವಾಗ ಗಾಳಿ ಬೀಸುವ ಕಡೆಯದನ್ನು ಮುಚ್ಚಿ, ಆಚೆ ಕಡೆಯದನ್ನೂ ಬಾಗಿಲನ್ನೂ ತೆರೆದಿಡಿ.

ಪೇಟೆಯ ಖಾಸಗಿ ಶಾಲೆಗಳಲ್ಲಿ ಎಸಿ ಕೋಣೆ ಇದ್ದರೆ ಕಷ್ಟ ಜಾಸ್ತಿ. ಅಂಥವರು ಕಾರ್ಬನ್ ಡೈಆಕ್ಸೈಡ್ ಅಳೆಯುವ ಸಣ್ಣ ಮೀಟರ್ ಒಂದು ತಗೊಳ್ಳಿ. ಬಯಲಲ್ಲಿ ಅದು ಸುಮಾರು 420 ತೋರಿಸುತ್ತದೆ. ಮಕ್ಕಳು ತುಂಬಿದ ಕೋಣೆಯಲ್ಲಿ 800ರ ಒಳಗಿದ್ದರೆ ಗಾಳಿ ಚೆನ್ನಾಗಿದೆ. 1000 ದಾಟಿ ಏರುತ್ತಾ ಹೋದರೆ ಒಬ್ಬರ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದಾರೆ ಅಂತ ಅರ್ಥ. ಎಸಿ ಆರಿಸಿ, ಕಿಟಕಿ ತೆಗೆಯಿರಿ.

ಎಲ್ಲಕ್ಕಿಂತ ಒಳ್ಳೆಯ ಕೋಣೆ ಹೊಂಗೆ ಮರದ ನೆರಳು. ಇದೇನು ಹೊಸದಲ್ಲ. ಪ್ಲೇಗು ಬಂದಾಗ ಊರಿಗೆ ಊರೇ ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದನ್ನು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಬರ್ಲಿನ್ ಪಕ್ಕದ ಶಾರ್ಲೊಟೆನ್‌ಬರ್ಗ್‌ನಲ್ಲಿ 1904ರಲ್ಲೇ ಬಡಕಲು ಮಕ್ಕಳಿಗೆಂದು ಕಾಡಿನಲ್ಲಿ ಬಯಲು ಶಾಲೆ ತೆರೆದಿದ್ದರು. ನಮ್ಮ ರಾಜ್ಯದಲ್ಲೂ 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಅಂತ ಶುರುವಾಯಿತು. ಅರಳಿಕಟ್ಟೆ, ಗುಡಿಯ ಜಗಲಿ, ಮರದಡಿ ಪಾಠ. ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಿದರು. ನನಗೆ ಅನ್ನಿಸುವುದು, ಬಯಲಲ್ಲಿ ಕೂರಿಸಿದ್ದು ಸರಿಯಾಗಿತ್ತು. ಶಿಕ್ಷಕರು ಒಂದು ವಠಾರದಿಂದ ಇನ್ನೊಂದಕ್ಕೆ ಓಡಾಡಿ ಗುಂಪು ಗುಂಪಿಗೂ ತಾವೇ ಕೊಂಡಿಯಾಗಿದ್ದು ತೊಂದರೆ.

ಇನ್ನೊಂದು ಮಾತು, ಮಗ್ಗಿ. ನಲವತ್ತು ಮಕ್ಕಳು ಒಟ್ಟಿಗೆ ಹನ್ನೆರಡರ ಮಗ್ಗಿ ಕೂಗುವುದನ್ನು ಕೇಳಿದರೆ ನನಗೆ ಖುಷಿ. ಆದರೆ ಕೂಗಿದಷ್ಟೂ ಹನಿಗಳು ಜಾಸ್ತಿ. 2020ರ ಮಾರ್ಚ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 61 ಜನ ಸೇರಿ ಎರಡೂವರೆ ಗಂಟೆ ಹಾಡು ಅಭ್ಯಾಸ ಮಾಡಿದರು. ಒಬ್ಬರಿಗೆ ನೆಗಡಿಯ ಲಕ್ಷಣ ಇತ್ತು. ಆಮೇಲೆ ಖಚಿತವಾದ ಮತ್ತು ಅನುಮಾನದ ಪ್ರಕರಣ ಸೇರಿ 52 ಜನಕ್ಕೆ ತಗುಲಿತು, ಇಬ್ಬರು ತೀರಿಕೊಂಡರು. ಹಾಗಾಗಿ ನಾಡಗೀತೆ ಅಂಗಳದಲ್ಲಿ, ಮಗ್ಗಿ ಮರದ ಕೆಳಗೆ. ಕೋಣೆಯೊಳಗೆ ಬರೆದು ಒಪ್ಪಿಸಲಿ.

ಗುಂಪು ಮಾಡುವುದು

ಆರಡಿ ದೂರ ಕೂರಿಸಿ ಅಂದರು. ನಮ್ಮ ಕೋಣೆ ಅಳತೆಗೆ ಅದು ಆಗುವ ಮಾತಲ್ಲ. ಅದಕ್ಕಿಂತ ಉಪಯೋಗ ಆಗಿದ್ದು ಗುಂಪು. ಒಂದು ಗುಂಪಿಗೆ 15ರಿಂದ 20 ಮಕ್ಕಳು, ಒಂದೇ ಕೋಣೆ, ಅದೇ ಜಾಗ, ಸಾಧ್ಯವಾದಷ್ಟೂ ಒಬ್ಬರೇ ಶಿಕ್ಷಕರು. ಯಾರಿಗಾದರೂ ಸೋಂಕು ಬಂದರೆ ಆ ಗುಂಪನ್ನು ಮಾತ್ರ ಮನೆಗೆ ಕಳಿಸಬಹುದು, ಇಡೀ ಶಾಲೆ ಮುಚ್ಚಬೇಕಿಲ್ಲ.

ಗುಂಪು ಮಾಡುವಾಗ ಹಾಜರಿ ಪುಸ್ತಕದ ಕ್ರಮ ಹಿಡಿಯಬೇಡಿ, ಬೀದಿಯ ಕ್ರಮ ಹಿಡಿಯಿರಿ. ಒಂದೇ ಕೇರಿಯ ಮಕ್ಕಳು ಹೇಗೂ ಸಂಜೆ ಒಟ್ಟಿಗೆ ಆಡುತ್ತಾರೆ. ಅವರನ್ನು ಶಾಲೆಯಲ್ಲೂ ಒಂದೇ ಗುಂಪಲ್ಲಿಟ್ಟರೆ ಹೊಸ ಕೊಂಡಿ ಬೆಳೆಯುವುದಿಲ್ಲ. ಹಾಗಂತ ಕೇರಿ ಅಂದಾಗ ನಮ್ಮ ಊರುಗಳಲ್ಲಿ ಜಾತಿಯೂ ಬರುತ್ತದೆ ಅನ್ನುವುದು ಮರೆಯಬೇಡಿ. ನಾವು ಪಟ್ಟಿ ಮಾಡಿದ ಮೇಲೆ ನೋಡಿದರೆ ಒಂದು ಗುಂಪಿನಲ್ಲಿ ಒಂದೇ ಕಾಲೊನಿಯ ಮಕ್ಕಳು ಮಾತ್ರ ಇದ್ದರು. ತಕ್ಷಣ ಪಟ್ಟಿ ಹರಿದು ಎರಡು ಮೂರು ಬೀದಿ ಸೇರಿಸಿ ಬೇರೆ ಮಾಡಿದೆವು. ಕಾಯಿಲೆ ತಡೆಯುತ್ತೇವೆ ಅಂತ ಹೊಸ ಪಂಕ್ತಿಭೇದ ಹುಟ್ಟಿಸುವುದು ಬೇಡ.

ಗುಂಪುಗಳು ದಿನ ಬಿಟ್ಟು ದಿನ ಬರುವುದಾದರೆ ಅಣ್ಣ ತಂಗಿಯರಿಗೆ ಒಂದೇ ದಿನ ಶಾಲೆ ಬರುವ ಹಾಗೆ ಮಾಡಿ, ಇಲ್ಲದಿದ್ದರೆ ದೊಡ್ಡವಳು ಚಿಕ್ಕವನನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿಯುತ್ತಾಳೆ. ಗೇಟಿನಲ್ಲಿ ನೂಕುನುಗ್ಗಲು ಆಗದಂತೆ ಹತ್ತು ಹತ್ತು ನಿಮಿಷ ಬಿಟ್ಟು ಗುಂಪು ಒಳಗೆ ಬರಲಿ. ಶಾಲೆಯಲ್ಲಿ ಇಷ್ಟೆಲ್ಲ ಮಾಡಿ ಆಟೋದಲ್ಲಿ ಹನ್ನೆರಡು ಮಕ್ಕಳನ್ನು ತೊಡೆ ಮೇಲೆ ತೊಡೆ ಹಾಕಿ ತುಂಬಿದರೆ ಏನು ಬಂತು? ಆಟೋದವರ ಜೊತೆ ಕೂತು ಮಾತಾಡಿ. ಎರಡು ಟ್ರಿಪ್ ಹೊಡೆದರೆ ಡೀಸೆಲ್ ಖರ್ಚು ಯಾರದು ಅನ್ನುವುದೇ ಅವರ ಪ್ರಶ್ನೆ, ಅದು ನ್ಯಾಯವಾದ ಪ್ರಶ್ನೆ. ಶಾಲೆ ಶುರುವಾಗುವ ಮುಂಚೆಯೇ ಪೋಷಕರ ಸಭೆಯಲ್ಲಿ ಇದನ್ನು ಬಗೆಹರಿಸಿ.

ಮಾಸ್ಕು, ಥರ್ಮಲ್ ಗನ್ನು, ಸೋಪು

ಮಾಸ್ಕಿನ ಬಟ್ಟೆಗಿಂತ ಅದು ಮುಖಕ್ಕೆ ಕೂರುವ ರೀತಿ ಮುಖ್ಯ. ಕೆನ್ನೆ ಪಕ್ಕದಲ್ಲಿ ಸಂದು ಇದ್ದರೆ ಉಸಿರು ಅಲ್ಲಿಂದಲೇ ಹೋಗುತ್ತದೆ. ದೊಡ್ಡವರ ಮಾಸ್ಕನ್ನು ಮಗುವಿಗೆ ಹಾಕಿದರೆ ಕಿವಿ ಹಿಂದೆ ಒಂದು ಗಂಟು ಹಾಕಿ ಬಿಗಿ ಮಾಡಿ. ಐದು ವರ್ಷದೊಳಗಿನವರಿಗೆ ಮಾಸ್ಕ್ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅಂಗನವಾಡಿ ಮಕ್ಕಳಿಗೆ ಒತ್ತಾಯ ಮಾಡಬೇಡಿ. ಶಿಕ್ಷಕರು ಮಾತ್ರ ಒಳ್ಳೆಯದನ್ನೇ ಹಾಕಬೇಕು, ದಿನವಿಡೀ ಗಟ್ಟಿಯಾಗಿ ಮಾತಾಡುವವರು ಅವರೇ.

ನೆನೆದ ಮಾಸ್ಕ್ ಕೆಲಸ ಮಾಡಲ್ಲ, ಉಸಿರೂ ಕಟ್ಟುತ್ತದೆ. ಚೀಲದಲ್ಲಿ ಒಂದು ಒಣಗಿದ್ದು ಇರಲಿ, ಶಾಲೆಯಲ್ಲೂ ಒಂದು ಕಟ್ಟು ಇರಲಿ. ಮೊದಲ ವಾರ ಎರಡನೇ ಗುಂಪಿನ ಇಬ್ಬರು ಹುಡುಗರು ಊಟದ ನಂತರ ಬೇರೆ ಬೇರೆ ಬಣ್ಣದ ಮಾಸ್ಕಲ್ಲಿ ಕಂಡರು. ಕೇಳಿದರೆ, ಅವನದ್ದರಲ್ಲಿ ಛೋಟಾ ಭೀಮ್ ಇದೆ ಸಾರ್, ನನ್ನದರಲ್ಲಿ ಏನೂ ಇಲ್ಲ, ಅದಕ್ಕೆ ಒಂದು ಬಳಪ ಕೊಟ್ಟು ಬದಲಾಯಿಸಿಕೊಂಡೆ ಅಂದ. ಆಮೇಲೆ ಎಲ್ಲರಿಗೂ ಒಂದೇ ಬಣ್ಣದ್ದು ಹೊಲಿಸಿ, ಒಳಗಡೆ ದಾರದಲ್ಲಿ ನಂಬರ್ ಹಾಕಿಸಿದೆವು.

ಥರ್ಮಲ್ ಗನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೆಳಗಿನ ಚಳಿಯಲ್ಲಿ ನಡೆದು ಬಂದ ಮಕ್ಕಳಿಗೆಲ್ಲ 34 ತೋರಿಸುತ್ತಿತ್ತು. ಬಿಸಿಲಲ್ಲಿ ಸೈಕಲ್ ತುಳಿದು ಬಂದವನಿಗೆ ಜ್ವರ ಅಂತ ತೋರಿಸುತ್ತಿತ್ತು. ಸೋಂಕಿದ್ದೂ ಜ್ವರ ಇಲ್ಲದವರು ಹೇಗೂ ಒಳಗೆ ಬರುತ್ತಾರೆ. ಗೇಟಿನಲ್ಲಿ ನಿಂತು ಒಬ್ಬೊಬ್ಬರ ಮುಖ ನೋಡಿ, ಹೇಗಿದ್ದೀಯ, ಮನೇಲಿ ಎಲ್ಲಾ ಹುಷಾರಾ ಅಂತ ಕೇಳುವ ಶಿಕ್ಷಕರೇ ಒಳ್ಳೆಯ ಗನ್ನು.

ಕೈಗೆ ಸೋಪು. ಇಪ್ಪತ್ತು ಸೆಕೆಂಡು ಅಂದರೆ ಮಕ್ಕಳಿಗೆ ಗೊತ್ತಾಗಲ್ಲ, ಮೂರರ ಮಗ್ಗಿ ಮನಸ್ಸಲ್ಲೇ ಹೇಳಿ ಮುಗಿಸುವ ತನಕ ಉಜ್ಜು ಅನ್ನಿ. ಸೋಪು ಕಳೆದುಹೋಗದಂತೆ ಹಳೇ ಸಾಕ್ಸಿನಲ್ಲಿ ಹಾಕಿ ನಲ್ಲಿಗೆ ಕಟ್ಟಿ. ಸ್ಯಾನಿಟೈಸರ್ ಶಿಕ್ಷಕರ ಮೇಜಿನಲ್ಲಿ ಇರಲಿ, ಚಿಕ್ಕವರ ಕೈಗೆ ಬೇಡ. ಅದು ಬೆಂಕಿ ಹತ್ತುವ ವಸ್ತು, ಅಡುಗೆ ಕೋಣೆಯ ಹತ್ತಿರ ಇಡಲೇಬೇಡಿ.

ಬಿಸಿಯೂಟ

ಊಟದ ಹೊತ್ತಲ್ಲಿ ಎಲ್ಲರ ಮಾಸ್ಕೂ ಒಟ್ಟಿಗೆ ಇಳಿಯುತ್ತದೆ. ಹಾಗಂತ ಊಟ ನಿಲ್ಲಿಸಬಾರದು. ಮುಚ್ಚಿದ ಕಾಲದಲ್ಲಿ ಮನೆಗೆ ಅಕ್ಕಿ ಬೇಳೆ ಕೊಟ್ಟರು ನಿಜ, ಅದು ಮನೆಯ ಎಲ್ಲರ ಹೊಟ್ಟೆಗೂ ಹೋಯಿತು. ಬಿಸಿ ಅನ್ನ ಸಾರು ಮಗುವಿನ ತಟ್ಟೆಗೇ ಬೀಳುವುದು ಶಾಲೆಯಲ್ಲಿ ಮಾತ್ರ.

ಗುಂಪಿನಂತೆ ಸರದಿ ಮಾಡಿ, ಒಂದು ಗುಂಪು ಉಂಡು ಎದ್ದ ಮೇಲೆ ಇನ್ನೊಂದು. ಕೋಣೆಯಲ್ಲಿ ಬೇಡ, ಜಗಲಿ ಅಥವಾ ಅಂಗಳ. ಎದುರುಬದುರು ಕೂರಿಸದೆ ಎಲ್ಲರ ಮುಖವೂ ಒಂದೇ ಕಡೆ ಇರುವ ಹಾಗೆ ಸಾಲು ಹಾಕಿ. ಬಡಿಸುವ ಅಕ್ಕಂದಿರು ಮಾಸ್ಕ್ ಹಾಕಿರಲಿ, ಅವರ ಲಸಿಕೆ ಶಿಕ್ಷಕರ ಲಸಿಕೆಯಷ್ಟೇ ಮುಖ್ಯ. ಜ್ವರ ಬಂದ ದಿನ ಅವರು ರಜೆ ಹಾಕಿದರೆ ಸಂಬಳ ಕಡಿತ ಆಗಬಾರದು. ಕೂಲಿ ಹೋಗುತ್ತೆ ಅನ್ನುವ ಭಯಕ್ಕೆ ಮಾತ್ರೆ ನುಂಗಿ ಕೆಲಸಕ್ಕೆ ಬಂದವರನ್ನು ನಾನು ನೋಡಿದ್ದೇನೆ.

ಬಾರದವರು

ಮೊದಲ ದಿನ ಬಂದವರನ್ನು ನೋಡಿ ಖುಷಿ ಪಡುತ್ತೇವೆ. ಮೂರನೇ ದಿನ ಬಾರದವರ ಪಟ್ಟಿ ಮಾಡಿ. ಹೆಸರಿನ ಮುಂದೆ ಕಾರಣ ಬರೆಯಿರಿ: ಭಯ, ಕಾಯಿಲೆ, ವಲಸೆ, ಕೆಲಸ, ಮದುವೆ. ಐದಕ್ಕೂ ಮದ್ದು ಬೇರೆ ಬೇರೆ.

ಭಯಕ್ಕೆ ವಾದ ಮಾಡಬೇಡಿ. ತಾಯಿಯನ್ನು ಶಾಲೆಗೆ ಕರೆದು ಕೋಣೆ ತೋರಿಸಿ, ಊದುಬತ್ತಿ ಹಚ್ಚಿ ಹೊಗೆ ತೋರಿಸಿ. ಒಬ್ಬ ತಾಯಿ ಅದನ್ನು ನೋಡಿ, ನಮ್ಮನೆ ಒಳಗೆ ಇದರ ಅರ್ಧ ಗಾಳಿನೂ ಇಲ್ಲ ಸಾರ್ ಅಂದರು. ಮರುದಿನ ಮಗಳು ಬಂದಳು. ಮನೆಯಲ್ಲಿ ಅಜ್ಜ ಅಜ್ಜಿ ಇದ್ದು ಕಾಯಿಲೆಯವರಾಗಿದ್ದರೆ ಅವರ ಭಯ ಸರಿಯೇ. ಅಂಥ ಮಗುವಿಗೆ ಸ್ವಲ್ಪ ದಿನ ಮನೆಗೇ ಹಾಳೆ ಕಳಿಸಿ, ಗೈರು ಅಂತ ಬೈಯಬೇಡಿ.

ಕೆಲಸಕ್ಕೆ ಹೋಗುವವನನ್ನು ಕರೆತರಲು ಒಬ್ಬರೇ ಹೋಗಬೇಡಿ. ಪಂಚಾಯಿತಿ ಸದಸ್ಯರನ್ನೋ ಎಸ್‌ಡಿಎಂಸಿ ಅಧ್ಯಕ್ಷರನ್ನೋ ಜೊತೆಗೆ ಕರೆದುಕೊಳ್ಳಿ. ಮದುವೆ ಸುದ್ದಿ ಕಿವಿಗೆ ಬಿದ್ದರೆ ಮಾತ್ರ ಕಾಯಬೇಡಿ. ಹುಡುಗಿಗೆ 18 ತುಂಬದೆ ಮದುವೆ ಮಾಡುವುದು ಅಪರಾಧ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಹೆಸರು ಹೇಳುವ ಅಗತ್ಯ ಇಲ್ಲ.

ಬಂದವರಲ್ಲೂ ಕೆಲವರು ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡಿರುತ್ತಾರೆ. ಯಾರ ಮನೇಲಿ ಯಾರು ಹೋದರು, ಕೈ ಎತ್ತಿ ಅಂತ ತರಗತಿಯಲ್ಲಿ ಕೇಳಬೇಡಿ. ಒಂದು ಶಾಲೆಯಲ್ಲಿ ಹಾಗೆ ಕೇಳಿದ್ದನ್ನು ಕಣ್ಣಾರೆ ಕಂಡೆ. ಒಬ್ಬ ಹುಡುಗ ಕೈ ಅರ್ಧ ಎತ್ತಿ, ಸುತ್ತ ನೋಡಿ, ತಲೆ ಕೆರೆದುಕೊಳ್ಳುವವನ ಹಾಗೆ ಮಾಡಿ ಇಳಿಸಿದ. ಆಶಾ ಕಾರ್ಯಕರ್ತೆಯಿಂದ ಮೊದಲೇ ತಿಳಿದುಕೊಂಡು ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಮಾತಾಡಿ. ಕೋವಿಡ್‌ನಲ್ಲಿ ಅನಾಥರಾದ ಮಕ್ಕಳಿಗೆ ತಿಂಗಳಿಗೆ 3,500 ರೂಪಾಯಿಯ ಬಾಲ ಸೇವಾ ಯೋಜನೆ ರಾಜ್ಯದಲ್ಲಿ ಬಂದಿತ್ತು. ಇಂಥ ಸವಲತ್ತಿನ ಅರ್ಜಿ ತುಂಬಿಸುವುದೂ ಶಾಲೆ ತೆರೆಯುವ ಕೆಲಸದ ಒಂದು ಭಾಗ.

ಮೊದಲ ತಿಂಗಳ ಪಾಠ

ಪುಸ್ತಕ ತೆರೆಯಬೇಡಿ. ಲೆಕ್ಕ ಹಾಕಿ ನೋಡಿ: 2021ರ ಅಕ್ಟೋಬರ್‌ನಲ್ಲಿ ಮೂರನೇ ತರಗತಿಗೆ ಬಂದ ಮಗು ಕೊನೆಯ ಸಲ ತರಗತಿಯಲ್ಲಿ ಕೂತಿದ್ದು ಒಂದನೇ ತರಗತಿಯಲ್ಲಿ. ಎರಡನೇ ತರಗತಿಯ ಮಗು ಶಾಲೆಯ ಬೆಂಚಿನಲ್ಲಿ ಕೂತೇ ಇರಲಿಲ್ಲ. ಅದರ ಮುಂದೆ ಎರಡನೇ ತರಗತಿಯ ಪಾಠ ಓದಿದರೆ ಅದಕ್ಕೆ ಏನು ಅರ್ಥ ಆದೀತು? ಒಬ್ಬೊಬ್ಬರನ್ನೇ ಕೂರಿಸಿಕೊಂಡು ಅಕ್ಷರ, ಪದ, ವಾಕ್ಯ ಓದಿಸಿ, ಎಲ್ಲಿ ತಡೆಯುತ್ತಾರೋ ಅಲ್ಲಿಂದ ಶುರು ಮಾಡಿ. ಇಲಾಖೆ 2022-23ನ್ನು ಕಲಿಕಾ ಚೇತರಿಕೆ ವರ್ಷ ಅಂತ ಮಾಡಿ ಇದೇ ಕೆಲಸಕ್ಕೆ ಹಾಳೆಗಳನ್ನು ಕೊಟ್ಟಿತು. ಮುಂದಿನ ಸಲ ತೆರೆದ ದಿನವೇ ಅವು ಕೈಯಲ್ಲಿರಬೇಕು.

ಜ್ವರ ಬಂದಾಗ

ಬಂದೇ ಬರುತ್ತದೆ. ಬಂದ ದಿನ ಏನು ಮಾಡಬೇಕು ಅನ್ನುವುದು ಮೊದಲೇ ಗೊತ್ತಿದ್ದರೆ ಗಾಬರಿ ಇಲ್ಲ.

ಮಗುವನ್ನು ಜಗಲಿಯ ಒಂದು ಕಡೆ, ನೆರಳಲ್ಲಿ, ಒಬ್ಬ ಶಿಕ್ಷಕರ ಜೊತೆ ಕೂರಿಸಿ. ಸ್ಟೋರ್ ರೂಮಿಗೆ ಹಾಕಿ ಬಾಗಿಲು ಮುಚ್ಚಬೇಡಿ, ಅದು ಶಿಕ್ಷೆ ಅಂದುಕೊಳ್ಳುತ್ತದೆ. ಮನೆಗೆ ಫೋನ್ ಮಾಡಿ. ರಕ್ತದಲ್ಲಿನ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್ ಇದ್ದರೆ ಬೆರಳಿಗೆ ಹಾಕಿ ನೋಡಿ, 94ಕ್ಕಿಂತ ಕೆಳಗಿದ್ದರೆ ಆಸ್ಪತ್ರೆಗೆ. ಉಗುರು ಬಣ್ಣ, ತಣ್ಣನೆ ಬೆರಳು ಇದ್ದರೆ ತಪ್ಪು ತೋರಿಸುತ್ತದೆ, ಒರೆಸಿ, ಬೆಚ್ಚಗೆ ಮಾಡಿ ಇನ್ನೊಮ್ಮೆ ನೋಡಿ. ಮೀಟರ್ ಏನೇ ಹೇಳಲಿ, ಉಸಿರಿಗೆ ಒದ್ದಾಡುತ್ತಿದ್ದರೆ, ತುಟಿ ನೀಲಿಯಾಗಿದ್ದರೆ, ನೀರೂ ಕುಡಿಯಲಾಗದೆ ಮಂಪರಲ್ಲಿದ್ದರೆ 108ಕ್ಕೆ ಫೋನ್ ಮಾಡಿ. ಆರೋಗ್ಯ ಕೇಂದ್ರದವರು ಹೇಳಿದಂತೆ ಆ ಗುಂಪಿನವರಿಗೆ ಪರೀಕ್ಷೆ ಮಾಡಿಸಿ. ಮತ್ತೆ ಶಾಲೆಗೆ ಯಾವಾಗ ಅಂತ ಎಲ್ಲರೂ ಕೇಳುತ್ತಾರೆ. 2022ರ ಜನವರಿಯಲ್ಲಿ ಕೇಂದ್ರ ಆರೋಗ್ಯ ಇಲಾಖೆಯ ನಿಯಮ ಹೀಗಿತ್ತು: ಪಾಸಿಟಿವ್ ಆಗಿ 7 ದಿನ ಕಳೆದಿರಬೇಕು, ಕೊನೆಯ 3 ದಿನ ಜ್ವರ ಇರಬಾರದು. ಹೊಸ ಕಾಯಿಲೆಗೆ ಹೊಸ ನಿಯಮ ಬರುತ್ತದೆ, ಆಗಿನದನ್ನು ಪಾಲಿಸಿ.

ನಾವು ಎಡವಿದ್ದು ಸುದ್ದಿ ಹೇಳುವುದರಲ್ಲಿ. ಒಂದು ಮಗುವಿನ ಹೆಸರು ಯಾರೋ ವಾಟ್ಸ್ಆ್ಯಪ್ ಗುಂಪಿಗೆ ಹಾಕಿಬಿಟ್ಟರು. ಸಂಜೆಯೊಳಗೆ ಆ ಮನೆಗೆ ಹಾಲು ಹಾಕುವವರು ಬರಲಿಲ್ಲ. ಮಗು ವಾಸಿಯಾಗಿ ಬಂದ ಮೇಲೂ ಅದರ ಪಕ್ಕ ಕೂರಲು ಯಾರೂ ಒಪ್ಪಲಿಲ್ಲ, ಕೊನೆಗೆ ನಾನೇ ಒಂದು ವಾರ ಪಕ್ಕದಲ್ಲಿ ಕುರ್ಚಿ ಹಾಕಿ ಕೂತೆ. ಅದಾದ ಮೇಲೆ ಒಂದು ಸಂದೇಶ ಬರೆದಿಟ್ಟುಕೊಂಡೆವು, ಬೇಕಾದರೆ ನೀವೂ ಬಳಸಿ:

"ಪೋಷಕರೇ, ನಮ್ಮ ಶಾಲೆಯ ಮೂರನೇ ಗುಂಪಿನಲ್ಲಿ ಒಬ್ಬರಿಗೆ ಸೋಂಕು ಕಂಡುಬಂದಿದೆ. ಅವರು ಮನೆಯಲ್ಲಿ ಆರೈಕೆಯಲ್ಲಿದ್ದಾರೆ. ಆ ಗುಂಪಿನ ಮಕ್ಕಳಿಗೆ ಮಾತ್ರ ಈ ವಾರ ಮನೆಯಲ್ಲೇ ಪಾಠ. ಉಳಿದವರಿಗೆ ಶಾಲೆ ಎಂದಿನಂತೆ ಇರುತ್ತದೆ. ನಿಮ್ಮ ಮಗುವಿಗೆ ಜ್ವರ, ಕೆಮ್ಮು, ಗಂಟಲು ನೋವು ಇದ್ದರೆ ಕಳಿಸಬೇಡಿ, ನಮಗೆ ಫೋನ್ ಮಾಡಿ. ಯಾರು ಅಂತ ದಯವಿಟ್ಟು ಕೇಳಬೇಡಿ. ನಾಳೆ ನಿಮ್ಮ ಮಗುವಿನ ಹೆಸರನ್ನೂ ನಾವು ಹೀಗೇ ಕಾಪಾಡುತ್ತೇವೆ."

ಕೊನೆಯ ಸಾಲು ಬಿಡಬೇಡಿ, ಕೆಲಸ ಮಾಡಿದ್ದು ಅದೇ.

ಮತ್ತೆ ಮುಚ್ಚುವ ದಿನಕ್ಕೂ ತಯಾರಿರಿ. 2022ರ ಜನವರಿ 6ಕ್ಕೆ ಓಮಿಕ್ರಾನ್ ಕಾರಣ ಬೆಂಗಳೂರಿನಲ್ಲಿ 10ರಿಂದ 12 ಬಿಟ್ಟು ಉಳಿದ ತರಗತಿ ನಿಲ್ಲಿಸಿದರು, ಜನವರಿ 31ಕ್ಕೆ ಮತ್ತೆ ತೆರೆದರು. ಅಂಥ ಮೂರು ನಾಲ್ಕು ವಾರಕ್ಕೆ ಆಗುವಷ್ಟು ಹಾಳೆಗಳ ಕಟ್ಟು, ಓದುವ ಪುಸ್ತಕ, ಯಾವ ಮನೆಯಲ್ಲಿ ಯಾವ ಫೋನ್ ಇದೆ ಅನ್ನುವ ಪಟ್ಟಿ ಅಲ್ಮೇರಾದಲ್ಲಿ ಮೊದಲೇ ಇರಲಿ. ಅಲ್ಮೇರಾ ಮಾತ್ರ ಕಿಟಕಿಗೆ ಅಡ್ಡ ಬೇಡ.

ಯಾವುದನ್ನು ಮೊದಲು ಬಿಡುವುದು

ಅಲೆ ಇಳಿದ ಮೇಲೆ ನಿಯಮಗಳೂ ಇಳಿಯಬೇಕು, ಇಲ್ಲದಿದ್ದರೆ ಯಾರೂ ಯಾವುದನ್ನೂ ಪಾಲಿಸುವುದಿಲ್ಲ. ಔಷಧಿ ಹೊಡೆಯುವುದನ್ನು ಮೊದಲ ದಿನವೇ ಬಿಡಿ. ಥರ್ಮಲ್ ಗನ್ನಿನ ಬ್ಯಾಟರಿ ಮುಗಿದಾಗ ಹೊಸದು ಹಾಕಬೇಡಿ. ಆಮೇಲೆ ದಿನ ಬಿಟ್ಟು ದಿನ ಬರುವುದನ್ನು ನಿಲ್ಲಿಸಿ ಎಲ್ಲರನ್ನೂ ದಿನಾ ಕರೆಯಿರಿ, ನಂತರ ಗುಂಪು ಬೆರೆಯಲಿ. ಊರಲ್ಲಿ ಜ್ವರದ ಮನೆಗಳು ಕಮ್ಮಿಯಾಗಿ ಒಂದು ತಿಂಗಳು ಕಳೆದ ಮೇಲೆ ಮಾಸ್ಕು. ಸೋಪು ಬಿಡುವ ಹಾಗಿಲ್ಲ, ಅದು ಬೇಧಿಗೂ ಬೇಕು. ನಮ್ಮ ಏಳನೇ ತರಗತಿಯಲ್ಲಿ ಕಿಟಕಿ ತೆಗೆಯುವುದಕ್ಕೆ ಒಬ್ಬ ಹುಡುಗನಿಗೆ ವಾರದ ಜವಾಬ್ದಾರಿ ಕೊಟ್ಟಿದ್ದೆವು. ಆ ಸರದಿ ಈಗಲೂ ನಡೆಯುತ್ತಿದೆ, ಯಾಕೆ ಶುರುವಾಯಿತು ಅಂತ ಈಗಿನ ಮಕ್ಕಳಿಗೆ ಗೊತ್ತಿಲ್ಲ.